ಸೋಮಾರಿ ತೋಟ

ಗಿಡದಾಕೆ ಗೇಟು ತಳ್ಳಿಕೊಂಡು ಒಳಗೆ ಬಂದಾಗ ಅವನು ಇನ್ನೂ ಉತ್ತರ ಯೋಚಿಸಿರಲಿಲ್ಲ. ಯೋಚಿಸಲು ಒಂದು ವಾರ ಸಿಕ್ಕಿತ್ತು. ಹೋದ ಭಾನುವಾರ ಊಟದ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ ಹೆಂಡತಿ, ಸೋಪು ಮುಗಿದಿದೆ ಎನ್ನುವಷ್ಟೇ ಸಲೀಸಾಗಿ, "ಅಲ್ಲಿ ಹೊಸ ಡೇರಿ ಶುರುವಾಗ್ತಿದೆ. ಲ್ಯಾಬು ನೋಡಿಕೊಳ್ಳೋಕೆ ನನ್ನನ್ನ ಕೇಳಿದಾರೆ. ನೀವು ಬೇಡ ಅಂದ್ರೆ ಹೋಗಲ್ಲ. ಬರೋ ಭಾನುವಾರ ಸಂಜೆಯೊಳಗೆ ನಾನು ಮ್ಯಾನೇಜರಿಗೆ ಫೋನ್ ಮಾಡಬೇಕು," ಎಂದಿದ್ದಳು. ಅವನು "ಯೋಚನೆ ಮಾಡ್ತೀನಿ" ಎಂದಿದ್ದ. ಅಲ್ಲಿ ಎಂದರೆ ರೈಲಿನಲ್ಲಿ ಒಂದು ರಾತ್ರಿಯ ದಾರಿ. ವಾರಕ್ಕೊಮ್ಮೆ ಬಂದುಹೋಗುವ ಮಾತು ಇಬ್ಬರೂ ಎತ್ತಿರಲಿಲ್ಲ. ಹೋದರೆ ಹೋದಂತೆಯೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಕೆಲಸ ಎನ್ನುವುದು ಅದಕ್ಕೆ ಇಟ್ಟ ಮರ್ಯಾದೆಯ ಹೆಸರು. ಆ ವಾರದಲ್ಲಿ ಅವನು ಯೋಚಿಸಲೆಂದೇ ಕೂತದ್ದೂ ಉಂಟು. ಮೇಣ ಕರಗುವುದನ್ನು ಕಾಯುವಾಗ, ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ, ಇವಳು ಹೋದರೆ ನನಗೇನಾಗುತ್ತದೆ ಎಂದು ತನ್ನನ್ನೇ ಕೇಳಿಕೊಂಡು, ಉತ್ತರ ಬರಲೆಂದು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ. ಏನೂ ಬರುತ್ತಿರಲಿಲ್ಲ. ನರ ಸತ್ತ ಹಲ್ಲನ್ನು ತಟ್ಟಿದ ಹಾಗೆ, ತಟ್ಟಿದ ಸದ್ದು ಕೇಳುತ್ತಿತ್ತು, ನೋಯುತ್ತಿರಲಿಲ್ಲ. ಬೇಡ ಎನ್ನುವುದು ಎಷ್ಟು ಸಣ್ಣ ಮಾತು, ಯಾವಾಗ ಬೇಕಾದರೂ ಹೇಳಬಹುದಲ್ಲ ಎಂದುಕೊಂಡ. ಹಾಗೆಂದುಕೊಂಡೇ ದಿನ ತಳ್ಳಿದ. ಈಗ ನೋಡಿದರೆ ಭಾನುವಾರ ಬಂದಿದೆ, ಗಿಡದಾಕೆಯೂ ಬಂದಿದ್ದಾಳೆ, ಹೆಂಡತಿ ಕೂದಲು ಗಂಟು ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದಾಳೆ.

ಗಿಡದಾಕೆ ದಪ್ಪನೆಯ ಹೆಂಗಸು, ಮಾತಿನಲ್ಲಿ ಎತ್ತಿದ ಕೈ. ವ್ಯಾನಿನಿಂದ ಕ್ರೇಟುಗಳನ್ನು ಇಳಿಸುತ್ತಲೇ ಶುರು ಮಾಡಿದಳು. "ನಾನು ಇದನ್ನ ಸೋಮಾರಿ ತೋಟ ಅಂತಲೇ ಕರೆಯೋದು ಸರ್. ಬೇಜಾರು ಮಾಡ್ಕೋಬೇಡಿ, ನಮ್ಮನೇಲೂ ಇದೇ ಇರೋದು. ಖರ್ಚು ಕಮ್ಮಿ, ಕೆಲಸ ಇಲ್ಲವೇ ಇಲ್ಲ." ಕ್ರೇಟಿನಲ್ಲಿ ಗಿಡಗಳು ಒತ್ತೊತ್ತಾಗಿ ನಿಂತಿದ್ದವು. ಎಲೆಗಳೆಲ್ಲ ಬುಡದಿಂದಲೇ ಸುತ್ತ ಹರಡಿ, ನಡುವೆ ಬಟ್ಟಲಿನಂಥ ಗುಳಿ; ಕೆಲವದರಲ್ಲಿ ಆ ಗುಳಿಯಿಂದ ಕೆಂಪು ಕುಡಿಯೊಂದು ಎದ್ದಿತ್ತು, ಬಣ್ಣ ಬಳಿದು ಸಿಕ್ಕಿಸಿದ ಹಾಗೆ. ಹೆಸರು ಬ್ರೊಮಿಲಿಯಾಡ್ ಅಂತೆ. "ಅನಾನಸು ಗೊತ್ತಲ್ಲ ಅಮ್ಮಾ? ಅದಕ್ಕೆ ಇದು ಚಿಕ್ಕಪ್ಪನ ಮಗಳು. ಹಣ್ಣು ಗಿಣ್ಣು ಕೊಡಲ್ಲ, ಬರೀ ಒಯ್ಯಾರ. ಮಣ್ಣು ಕೂಡ ಬೇಡ, ತೆಂಗಿನ ನಾರಿನ ಚೂರಲ್ಲಿ ಕೂರಿಸಿದರೆ ಸಾಕು. ಬೇರು ಇರೋದು ಹಿಡ್ಕೊಳ್ಳೋಕೆ ಅಷ್ಟೇ, ಕುಡಿಯೋದೆಲ್ಲ ಈ ಬಟ್ಟಲಿಂದ. ಮಳೆ ಬಂದ್ರೆ ತಾನೇ ತುಂಬಿಕೊಳ್ಳುತ್ತೆ. ಬರದಿದ್ರೆ ನೆನಪಾದಾಗ ಒಂದು ಚೊಂಬು. ಸೊಳ್ಳೆ ಆಗ್ತಿದೆ ಅನ್ನಿಸಿದ್ರೆ ಪೈಪ್ ಹಿಡಿದು ಜೋರಾಗಿ ನೀರು ಬಿಟ್ಟುಬಿಡಿ, ಹಳೇದೆಲ್ಲ ಆಚೆ ಬರುತ್ತೆ."

"ನೆನಪಾಗದೇ ಹೋದ್ರೆ?" ಎಂದು ಹೆಂಡತಿ ಕೇಳಿದಳು.

"ಆಗದಿದ್ರೂ ಬಹಳ ದಿನ ತಡ್ಕೊಳ್ಳುತ್ತೆ. ಇವಕ್ಕೆ ಏನೂ ಆಗಲ್ಲಮ್ಮ."

"ಅಷ್ಟೇ ಬೇಕಾಗಿದ್ದು. ಇವರು ಮರೆತರೂ ಬದುಕಬೇಕು."

ಇವರು ಎಂದಾಗ ಅವಳು ಅವನ ಕಡೆ ನೋಡಲಿಲ್ಲ, ಗದ್ದದಿಂದ ತೋರಿಸಿದಳು. ಗಿಡದಾಕೆ ಅವನನ್ನು ನೋಡಿ ನಕ್ಕಳು, ಅವನೂ ಹಲ್ಲು ಕಿರಿದ. ನೆಂಟರ ಮುಂದೆ ಮಗುವಿನ ಅಂಕ ಓದಿದಂತಿತ್ತು. ಅವಮಾನವಾಯಿತು, ಆದರೆ ಆ ಅವಮಾನವೂ ಎಲ್ಲೋ ಪಕ್ಕದ ಮನೆಯಲ್ಲಿ ನಡೆದದ್ದರಂತೆ ತಡವಾಗಿ ತಲುಪಿತು. ಗೇಟಿನಿಂದ ಮೆಟ್ಟಿಲವರೆಗಿನ ಆ ಪಟ್ಟಿಯಲ್ಲಿ ಮೊದಲು ಹುಲ್ಲುಹಾಸಿತ್ತು. ಡೇರಿಯಿಂದ ಬಂದವಳೇ ಬಟ್ಟೆ ಕೂಡ ಬದಲಿಸದೆ, ಕೈಯಲ್ಲಿ ಲ್ಯಾಬಿನ ವಾಸನೆ ಇಟ್ಟುಕೊಂಡೇ ಅವಳು ಅದಕ್ಕೆ ನೀರು ಹಿಡಿಯುತ್ತಿದ್ದಳು. ಕಿಟಕಿಯ ಈಚೆ, ತನ್ನ ಕೆಲಸದ ಕೋಣೆಯಲ್ಲಿ, ಅವನು ಯಾರದೋ ದವಡೆಯ ಪ್ಲಾಸ್ಟರು ಅಚ್ಚಿನ ಮೇಲೆ ಬಾಗಿರುತ್ತಿದ್ದ. ಪೈಪಿನ ಸದ್ದು ಅವನ ಕೆಲಸದ ಜೊತೆ ಸೇರಿಹೋಗಿತ್ತು. ಅದು ನಿಂತದ್ದು ಯಾವಾಗ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಎದುರು ಮನೆಯವರು ಒಂದು ದಿನ, "ಏನ್ರೀ, ಹುಲ್ಲೆಲ್ಲ ಸುಟ್ಟುಹೋಗಿದೆ" ಎಂದಾಗಲೇ ಅವನು ತಿರುಗಿ ನೋಡಿದ್ದು. ನಿಜಕ್ಕೂ ಸುಟ್ಟುಹೋಗಿತ್ತು, ಚಾಪೆಯ ಬಣ್ಣಕ್ಕೆ ತಿರುಗಿತ್ತು. ಒಳಗೆ ಬಂದು ಕೇಳಿದ, "ಹುಲ್ಲಿಗೆ ನೀರು ಹಾಕ್ತಿಲ್ವಾ?" ಅವಳು ಓದುತ್ತಿದ್ದ ಪತ್ರಿಕೆಯಿಂದ ತಲೆಯೆತ್ತದೆ, "ಇಲ್ಲ," ಎಂದಳು. ಅವನು, "ಓಹೋ," ಎಂದ. ಅಲ್ಲಿಗೆ ಆ ಮಾತು ಮುಗಿದಿತ್ತು. ಯಾಕೆ ಎಂದು ಕೇಳಬಹುದಿತ್ತು ಎಂದು ಈಗ, ಗಿಡದಾಕೆಯ ಗುದ್ದಲಿ ಆ ಒಣ ಬೇರುಗಳನ್ನು ಕಿತ್ತು ಹಾಕುತ್ತಿರುವಾಗ ಅನ್ನಿಸುತ್ತಿದೆ. ಅದೂ ಅನ್ನಿಸಿತಷ್ಟೇ.

ತೋಟಕ್ಕೆ ಅವನ ಪಾಲು ಎಂದು ಇದ್ದದ್ದು ಮೂರು ಗೋಣಿಚೀಲ. ನೀರು ನಿಲ್ಲದೆ ಬಸಿದುಹೋಗಲು ಬುಡದಲ್ಲಿ ಜಲ್ಲಿಯನ್ನೋ ಒಡೆದ ಇಟ್ಟಿಗೆಯನ್ನೋ ಹಾಕಬೇಕು, ಮನೆಯಲ್ಲಿ ಬಿದ್ದಿರುವುದು ಏನಿದ್ದರೂ ನಡೆಯುತ್ತದೆ, ದುಡ್ಡು ಕೊಟ್ಟು ತರಬೇಡಿ ಎಂದು ಗಿಡದಾಕೆ ಫೋನಿನಲ್ಲಿ ಹೇಳಿದ್ದಳಂತೆ. ನಿನ್ನೆ ಹೆಂಡತಿ ಅದನ್ನು ಗೋಡೆಗೆ ಹೇಳುವಂತೆ ಹೇಳಿದಾಗ ಅವನು ಎಂದೂ ಇಲ್ಲದ ಉತ್ಸಾಹದಿಂದ, "ನನ್ನ ಹತ್ತಿರ ಇದೆ," ಎಂದುಬಿಟ್ಟ. ಅವನದು ಹಲ್ಲು ಕಟ್ಟುವ ಕೆಲಸ. ದಂತವೈದ್ಯರು ರೋಗಿಯ ಬಾಯಿಯ ಗುರುತು ಹಿಡಿದು ಕಳಿಸುತ್ತಾರೆ, ಇವನು ಅದಕ್ಕೆ ಪ್ಲಾಸ್ಟರು ಸುರಿದು ದವಡೆಯ ಅಚ್ಚು ತೆಗೆಯುತ್ತಾನೆ, ಆ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಕೂರಿಸಿ ಸೆಟ್ಟು ಮಾಡಿ ಕಳಿಸುತ್ತಾನೆ. ಸೆಟ್ಟು ಬಾಯಿಗೆ ಹೋಗುತ್ತದೆ, ಅಚ್ಚು ಇಲ್ಲೇ ಉಳಿಯುತ್ತದೆ. ಆ ಬಾಯಿಗಳ ಮುಖ ಅವನು ನೋಡಿದ್ದು ಅಪರೂಪ. ಮನೆಯ ಪಕ್ಕದ ಉದ್ದನೆಯ ಕೋಣೆಯಲ್ಲಿ ಮೂರು ಗೋಡೆಗೂ ಹಲಗೆ ಹೊಡೆಸಿ, ವರ್ಷಗಟ್ಟಲೆ ಮೇಲಿನ ದವಡೆ ಕೆಳಗಿನ ದವಡೆಗಳನ್ನು ಸಾಲಾಗಿ ಇಟ್ಟಿದ್ದ. ಬೀದಿಯ ಮಕ್ಕಳು ಕಿಟಕಿಯಲ್ಲಿ ಇಣುಕಿ, ಹೆದರಿ, ಓಡಿಹೋಗಿ ಅವನಿಗೆ ಹಲ್ಲುಮಾವ ಎಂದು ಹೆಸರಿಟ್ಟಿದ್ದವು. ಈಗ ಆ ಮಕ್ಕಳ ಅಪ್ಪಂದಿರೂ ಹಾಗೆಯೇ ಕರೆಯುತ್ತಾರೆ. ನಿನ್ನೆ ಸಂಜೆ ಚೀಲದ ಬಾಯಿ ಹಲಗೆಗೆ ಹಿಡಿದು ತೋಳಿನಿಂದ ಒಂದೇ ಸಮ ಗುಡಿಸಿ ಹಾಕಿದ್ದ. ದವಡೆಗಳು ಗಲಗಲ ಬಿದ್ದವು. ಮೇಲಿನ ಹಲಗೆಗೆ ಕುರ್ಚಿ ಹತ್ತಿ, ನೋಡದೆ ಕೈಯಾಡಿಸಿ, ಅಲ್ಲಿದ್ದದ್ದನ್ನೂ ಇಳಿಸಿದ. ಕೋಣೆ ಖಾಲಿಯಾದಾಗ ಏನೋ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನವಾಗಿತ್ತು. ಅವಳಿಗಾಗಿ ಮಾಡಿದೆ ಎಂದೂ ಅನ್ನಿಸಿತ್ತು.

ಅಗೆದ ಗುಂಡಿಯ ಪಕ್ಕ ಚೀಲ ಸುರಿದಾಗ ಗಿಡದಾಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಸ್ಮಶಾನಾನೇ ಹೊತ್ತು ತಂದಿದೀರಲ್ಲ ಸರ್! ಸುಣ್ಣ ಅಲ್ಲ ತಾನೆ? ಸುಣ್ಣ ಇವಕ್ಕೆ ಆಗಿಬರಲ್ಲ."

"ಛೆ ಛೆ, ಸುಣ್ಣ ಅಲ್ಲ. ಪ್ಲಾಸ್ಟರು. ಕಲ್ಲಿನ ಹಾಗೆ ಗಟ್ಟಿ," ಎಂದ. ಸದಾ ನೀರಿನಲ್ಲಿ ನೆನೆದರೆ ಪ್ಲಾಸ್ಟರು ಮೆತ್ತಗಾಗಿ ಕೆಸರಾಗುತ್ತದೆ, ನೀರು ಬಸಿಯುವ ಬದಲು ಅಲ್ಲೇ ನಿಲ್ಲುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಆದರೆ ಅದು ನೆನಪಾಗುವ ಹೊತ್ತಿಗೆ ಗಿಡದಾಕೆ ಒಂದು ದವಡೆ ಎತ್ತಿಕೊಂಡು, "ಇದು ಯಾರದು, ನಿಮಗೆ ಗೊತ್ತಾಗುತ್ತಾ?" ಎಂದು ಕೇಳಿಬಿಟ್ಟಿದ್ದಳು. ಯಾರೂ ಅವನನ್ನು ಏನೂ ಕೇಳದೆ ಬಹಳ ಕಾಲವಾಗಿತ್ತು. ಅವನು ದವಡೆಯನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಸವರಿದ. "ಯಾರು ಅಂತ ಹೇಳೋಕಾಗಲ್ಲ, ಎಂಥವರು ಅಂತ ಹೇಳಬಹುದು. ಇವರು ನಿದ್ದೇಲಿ ಹಲ್ಲು ಕಡಿಯೋರು. ನೋಡಿ, ತುದಿಯೆಲ್ಲ ಸವೆದು ಸಮ ಆಗಿದೆ. ಹಗಲು ಬಹಳ ಸಾಧು ಇರ್ತಾರೆ ಇಂಥವರು." ಗಿಡದಾಕೆ ಬಿದ್ದು ಬಿದ್ದು ನಕ್ಕಳು. "ನಮ್ಮ ಅತ್ತೆ ಇರಬೇಕು ಸರ್!" ಇನ್ನೊಂದು ಕೊಟ್ಟಳು. "ಈಕೆ ಎಡಗಡೆ ಮಾತ್ರ ಅಗಿಯೋದು. ಬಲಗಡೆ ಪಾಚಿ ಕಟ್ಟಿದ ಹಾಗಿದೆ, ಉಪಯೋಗವೇ ಆಗಿಲ್ಲ. ಆ ಕಡೆ ಒಂದು ಹಲ್ಲು ನೋಯ್ತಿದ್ದಿರಬೇಕು. ಯಾರಿಗೂ ಹೇಳದೆ ಸುಧಾರಿಸಿಕೊಂಡಿದಾರೆ. ಮನೆಯವರು ನೋಡಿದ್ರೆ ತಟ್ಟೆ ಮುಂದೆಯೇ ಗೊತ್ತಾಗಿಬಿಡ್ತಿತ್ತು." ಅವನ ಮಾತಿಗೆ ಓಟ ಬಂದಿತ್ತು. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ಬಹಳ ವರ್ಷಗಳ ಹಿಂದೆ ತಾನು ಹೀಗೆ ಮಾತಾಡುತ್ತಿದ್ದೆ, ಯಾರೋ ಕೇಳಿಸಿಕೊಳ್ಳುತ್ತಿದ್ದರು ಎಂದು ಮಸುಕಾಗಿ ನೆನಪಾಯಿತು. ಹೆಂಡತಿ ಇದುವರೆಗೆ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ರಾಶಿಯಲ್ಲಿ ಕೈಯಾಡಿಸುತ್ತಿದ್ದವಳು ಒಂದನ್ನು ಎತ್ತಿ, ಮಣ್ಣು ಒರೆಸಿ, ಅವನ ಕಡೆ ಚಾಚಿದಳು.

"ಇದು?"

ಮೇಲಿನ ದವಡೆ. ಮುಂದಿನ ಹಲ್ಲೊಂದು ಓರೆಯಾಗಿ ಮುರಿದಿತ್ತು, ಕೋರೆಹಲ್ಲು ಸಾಲು ಬಿಟ್ಟು ತುಸು ಮುಂದೆ ಬಂದಿತ್ತು. "ಇದಾ?" ಅವನು ಅದನ್ನು ಅಂಗೈಯಲ್ಲಿ ಒಮ್ಮೆ ಚಿಮ್ಮಿ ಹಿಡಿದ. "ಯಾವನೋ ಪುಂಡ ಹುಡುಗ. ಹೊಡೆದಾಟದಲ್ಲಿ ಬಾಯಿಗೆ ಬಿದ್ದಿದೆ ನೋಡಿ. ಕೋರೆಹಲ್ಲು ನೋಡಿದ್ರೆ ಗೊತ್ತಾಗಲ್ವಾ, ಹೇಳಿದ ಮಾತು ಕೇಳೋ ಜಾತಿಯಲ್ಲ." ಗಿಡದಾಕೆ ಮತ್ತೆ ನಕ್ಕಳು. ಹೆಂಡತಿಯೂ ಸ್ವಲ್ಪ ನಕ್ಕಳು. ಬಾಯಿ ತೆರೆಯದೆ, ತುಟಿ ಒತ್ತಿಕೊಂಡು. ಅವನ ಕೈಯಿಂದ ದವಡೆಯನ್ನು ವಾಪಸು ತೆಗೆದುಕೊಂಡು, ಎಲ್ಲಕ್ಕಿಂತ ಕೆಳಗೆ, ಗುಂಡಿಯ ಮೂಲೆಯಲ್ಲಿ ತಾನೇ ಇಟ್ಟಳು. "ಮುಚ್ಚಿ," ಎಂದಳು. ಯಾರಿಗೆ ಹೇಳಿದಳೆಂದು ತಿಳಿಯದೆ ಅವನೂ ಗಿಡದಾಕೆಯೂ ಒಟ್ಟಿಗೇ ಕೈ ಹಾಕಿದರು. ದವಡೆಗಳ ಮೇಲೆ ನಾರು ಬಿತ್ತು, ನಾರಿನ ಮೇಲೆ ಒಂದೊಂದೇ ಗಿಡ ಕೂತಿತು. ಎತ್ತರದವು ಗೋಡೆಯ ಕಡೆಗೆ, ಗಿಡ್ಡವು ಕಾಲುದಾರಿಯ ಕಡೆಗೆ, ಕೆಂಪು ಕುಡಿಯವು ಅಲ್ಲೊಂದು ಇಲ್ಲೊಂದು. ನೋಡನೋಡುತ್ತಲೇ ಯಾರೋ ಶ್ರೀಮಂತರ ಮನೆಯ ಮುಂಭಾಗದಂತೆ ಕಂಡಿತು.

ಹೂವಿನ ಗಿಡದ ಬುಡ ಒತ್ತುತ್ತ ಗಿಡದಾಕೆ, "ಇವು ಒಂದೇ ಸಲ ಹೂ ಬಿಡೋದಮ್ಮ," ಎಂದಳು. "ಹೂ ಬಿಟ್ಟ ತಾಯಿಗಿಡ ಆಮೇಲೆ ಒಣಗುತ್ತೆ. ಹಾಗಂತ ನಾಳೆಯೇ ಅಲ್ಲ. ವರ್ಷದ ಹತ್ತಿರ ಹೀಗೇ ನಿಂತಿರುತ್ತೆ, ಬಣ್ಣವೂ ಹೋಗಲ್ಲ. ನೋಡೋರಿಗೆ ಗೊತ್ತೇ ಆಗಲ್ಲ. ಅಷ್ಟರಲ್ಲಿ ಬುಡದಲ್ಲಿ ಮರಿ ಬಂದಿರುತ್ತೆ, ಬಿಡಿಸಿ ನೆಟ್ಟರಾಯ್ತು."

"ಹಾಗಾದ್ರೆ ಈಗ ಇದು ಸಾಯ್ತಿದೆಯಾ?" ಹೆಂಡತಿ ಬಾಗಿ ನೋಡಿದಳು.

"ಶುರುವಾಗಿರುತ್ತೆ. ಏನ್ ಮಾಡ್ತೀರಿ, ಚೆನ್ನಾಗಿ ಕಾಣೋದೂ ಈಗಲೇ."

ಹೆಂಡತಿ ಆ ಕೆಂಪು ಕುಡಿಯನ್ನು ಒಂದು ಬೆರಳಿನಿಂದ ಮುಟ್ಟಿದಳು. ನಂತರ ಎದ್ದು ಸೀರೆಯ ಮಣ್ಣು ಕೊಡವಿಕೊಂಡು ಒಳಗೆ ಹೋದಳು. ಗಿಡದಾಕೆ ಪೈಪ್ ಹಿಡಿದು ಪ್ರತಿ ಬಟ್ಟಲಿಗೂ ನೀರು ತುಂಬಿಸಿ, ಬುಡಕ್ಕೂ ಧಾರಾಳವಾಗಿ ಬಿಟ್ಟು, ಇನ್ನು ಕೈಕಟ್ಟಿ ಕೂತ್ಕೊಳ್ಳಿ ಸರ್ ಎಂದು ಹೇಳಿ ವ್ಯಾನು ಹತ್ತಿದಳು. ಅವನು ಗೇಟು ಹಾಕಿ ಮೆಟ್ಟಿಲೇರಿದ. ಒಳಗೆ, ಮಲಗುವ ಕೋಣೆಯ ಬಾಗಿಲ ಹಿಂದೆ, ಹೆಂಡತಿ ಫೋನಿನಲ್ಲಿ ಮಾತಾಡುತ್ತಿದ್ದಳು. ಮಾತು ಕೇಳಿಸಲಿಲ್ಲ, ದನಿ ಕೇಳಿಸಿತು. ಏರಿಳಿತವಿಲ್ಲದ ದನಿ, ಹಾಲಿನ ಮಾದರಿಯ ಫಲಿತಾಂಶ ಹೇಳುವಾಗಿನದು. ಅವನು ಕಾಲೊರೆಸಿನ ಮೇಲೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಾಲೊರೆಸಿದ.

ಊಟಕ್ಕೆ ಕೂತಾಗ ಹೇಳಿಬಿಡಬೇಕು ಎಂದುಕೊಂಡಿದ್ದ. ಬೆಳಗಿನ ಮಾತಿನ ಬಿಸಿ ಇನ್ನೂ ಸ್ವಲ್ಪ ಉಳಿದಿತ್ತು. "ತೋಟ ಚೆನ್ನಾಗಿ ಬಂತು," ಎಂದ. ಅವಳು ಹೂಂಗುಟ್ಟಿದಳು. "ಆಕೆ ಮಾತು ಜಾಸ್ತಿ," ಎಂದ. ಅವಳು ತಲೆ ಒಂದು ಕಡೆ ವಾಲಿಸಿಕೊಂಡು, ಎಂದಿನಂತೆ ನಿಧಾನವಾಗಿ ಅಗಿಯುತ್ತಿದ್ದಳು. ಈಗ ಹೇಳಬೇಕು, ಈ ತುತ್ತು ನುಂಗಿದ ಮೇಲೆ ಹೇಳಬೇಕು ಎನ್ನುತ್ತಲೇ ತಟ್ಟೆ ಖಾಲಿಯಾಯಿತು. ಎದ್ದಾಗ ಅವಳು ಒಂದು ಕ್ಷಣ ಅವನ ಕುರ್ಚಿಯ ಹಿಂದೆ ನಿಂತಳು. ಏನೋ ಕೇಳುತ್ತಾಳೆ ಎಂದು ಅವನಿಗೆ ಭಯವಾಯಿತು. ಕೇಳಲಿಲ್ಲ. ಅವನ ನೀರಿನ ಲೋಟವನ್ನೂ ತೆಗೆದುಕೊಂಡು ಅಡುಗೆಮನೆಗೆ ಹೋದಳು.

ಮಧ್ಯಾಹ್ನವೆಲ್ಲ ಅವನು ಕೆಲಸದ ಕೋಣೆಯಲ್ಲಿ ಕೂತಿದ್ದ. ಮಾಡಲು ಕೆಲಸವೇನೂ ಇರಲಿಲ್ಲ. ಖಾಲಿ ಹಲಗೆಗಳ ಮೇಲೆ ಧೂಳಿನಲ್ಲಿ ದವಡೆಗಳ ಗುರುತು ಉಳಿದಿತ್ತು, ಕುದುರೆಯ ಲಾಳಗಳ ಸಾಲಿನಂತೆ. ಬಟ್ಟೆ ತೆಗೆದುಕೊಂಡು ಒರೆಸತೊಡಗಿದ. ಕೆಳಗಿನದು ಒರೆಸಿದ, ನಡುವಿನದು ಒರೆಸಿದ, ಮೇಲಿನದಕ್ಕೆ ಕುರ್ಚಿ ಹತ್ತಿದ. ಕಿಟಕಿಯ ಪಕ್ಕದ ಆ ಹಲಗೆಯಲ್ಲಿ ಗುರುತು ಒಂದೇ ಒಂದಿತ್ತು. ಬೇರೆ ಯಾವುದನ್ನೂ ಅದರ ಹತ್ತಿರ ಇಡದೆ ಖಾಲಿ ಬಿಟ್ಟ ಹಲಗೆ. ಅವನ ಕೈ ಬಟ್ಟೆಯೊಂದಿಗೆ ಅಲ್ಲೇ ನಿಂತಿತು. ಅಲ್ಲಿದ್ದ ಅಚ್ಚು ತೆಗೆದಾಗ ಅವನಿನ್ನೂ ಇನ್ನೊಬ್ಬರ ಹಲ್ಲಿನ ಲ್ಯಾಬಿನಲ್ಲಿ ಕೆಲಸ ಕಲಿಯುತ್ತಿದ್ದ. ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡ ಹುಡುಗಿಯೊಬ್ಬಳನ್ನು ವೈದ್ಯರು ನೇರವಾಗಿ ಅವನ ಹತ್ತಿರವೇ ಕಳಿಸಿದ್ದರು, ಹಗಲು ಬೆಳಕಿನಲ್ಲಿ ಹಲ್ಲಿನ ಬಣ್ಣ ಹೊಂದಿಸಲು. ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ಗದ್ದ ಹಿಡಿದು ಎತ್ತಿ, ಬಣ್ಣದ ಮಾದರಿಗಳನ್ನು ಒಂದೊಂದಾಗಿ ಹಲ್ಲಿನ ಪಕ್ಕ ಹಿಡಿದು ನೋಡಿದ್ದ. ಯಾವುದೂ ಸರಿಹೊಂದುತ್ತಿಲ್ಲ ಎಂದು ಸುಳ್ಳು ಹೇಳಿ ಮತ್ತೆ ಮೊದಲಿನಿಂದ ಹಿಡಿದಿದ್ದ. "ಬಾಯಿ ನೋಯ್ತಿದೆ," ಎಂದು ಅವಳು ಕೊನೆಗೆ ನಕ್ಕಿದ್ದಳು, ಮುರಿದ ಹಲ್ಲನ್ನು ಮುಚ್ಚಿಕೊಳ್ಳದೆ. ಮದುವೆಯಾದ ಹೊಸತರಲ್ಲಿ ಆ ಅಚ್ಚನ್ನು ತೋರಿಸಿ, "ನಿನ್ನ ಬಾಯಿ ಮೊದಲು ಮನೆಗೆ ಬಂತು, ನೀನು ಆಮೇಲೆ," ಎನ್ನುತ್ತಿದ್ದ. ಅವಳು ಅದನ್ನು ಕಸಿದುಕೊಂಡು ಬಿಸಾಡುವಂತೆ ಮಾಡುತ್ತಿದ್ದಳು. ನಿನ್ನೆ ಅವನು ಅದನ್ನು ಚೀಲಕ್ಕೆ ಹಾಕಿದ್ದು ಮರೆವಿನಿಂದ. ಆದರೆ ಇವತ್ತು ಅವಳು ಕೈಗೆ ಕೊಟ್ಟು ಕೇಳಿದ್ದಳು. ಯಾವನೋ ಪುಂಡ ಹುಡುಗ. ಅವನು ಕುರ್ಚಿಯ ಮೇಲೆಯೇ ನಿಂತಿದ್ದ. ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ. ಇಳಿದು ಕುರ್ಚಿಯ ಮೇಲೆ ಕೂತ. ಗೋಡೆಯ ಮೇಲಿನ ಬಿಸಿಲು ಹಲಗೆಯಿಂದ ಹಲಗೆಗೆ ಏರುತ್ತ ಹೋಯಿತು, ಅವನು ಕೂತೇ ಇದ್ದ. ಸಂಜೆಯೊಳಗೆ ಎಂದಿದ್ದಳಲ್ಲ ಎಂದು ನೆನಪಾದಾಗ ಎದ್ದ.

ಗಿಡಗಳು ಎಷ್ಟು ಸುಲಭವಾಗಿ ಬಂದುಬಿಟ್ಟವೆಂದರೆ ಅವನಿಗೆ ಗಾಬರಿಯಾಯಿತು. ಎಲ್ಲಿಯೂ ಬೇರು ಹಿಡಿದಿರಲಿಲ್ಲ. ಮೂಲೆಯಲ್ಲಿ ಎಂದು ನೆನಪಿತ್ತು, ಯಾವ ಮೂಲೆ ಎಂದು ನೆನಪಿರಲಿಲ್ಲ. ಗೋಡೆಯ ಕಡೆಯದನ್ನು ಕಿತ್ತ, ಗೇಟಿನ ಕಡೆಯದನ್ನು ಕಿತ್ತ, ಬಟ್ಟಲಿನ ನೀರೆಲ್ಲ ಅಂಗಿಯ ಮೇಲೆ ಚೆಲ್ಲಿತು. ಕಾಲುದಾರಿಯ ಮೇಲೆ ಗಿಡಗಳನ್ನು ಮಲಗಿಸಿ ಎರಡೂ ಕೈಯಿಂದ ನಾರು ಸರಿಸಿದ. ಕೆಳಗೆ ದವಡೆಗಳು ಬೆಳಗಿನ ನೀರನ್ನು ಕುಡಿದು ಬೂದುಬಣ್ಣಕ್ಕೆ ತಿರುಗಿದ್ದವು. ಒಂದೊಂದನ್ನೇ ಎತ್ತಿ ಹೆಬ್ಬೆರಳಿನಿಂದ ಸವರಿ ನೋಡಿದ. ಯಾವುದರ ಅಂಚೂ ಚುರುಕಾಗಿರಲಿಲ್ಲ. ಸಾಬೂನಿನ ಹಾಗೆ ಜಾರುತ್ತಿದ್ದವು. ಇಷ್ಟು ವರ್ಷ ಈ ಹೆಬ್ಬೆರಳನ್ನು ನಂಬಿ ಹೊಟ್ಟೆ ಹೊರೆದದ್ದು, ಈಗ ಅದಕ್ಕೆ ಏನೂ ಹೊಳೆಯುತ್ತಿಲ್ಲ. ಬೀದಿಯಲ್ಲಿ ನಾಯಿ ತಿರುಗಾಡಿಸುತ್ತಿದ್ದ ಎದುರು ಮನೆಯವರು ಗೇಟಿನ ಹತ್ತಿರ ನಿಂತರು.

"ಏನ್ ಹಲ್ಲುಮಾವ, ಬೆಳಿಗ್ಗೆ ನೆಟ್ಟಿದ್ದನ್ನ ಸಂಜೆ ಕೀಳ್ತಿದೀರಿ?"

"ಒಂದು ಸಾಮಾನು ಬಿದ್ದುಹೋಗಿದೆ," ಎಂದ.

"ಉಂಗುರಾನಾ?"

ಅವನು ಮತ್ತೆ ನಾರಿನೊಳಗೆ ಕೈ ಹಾಕಿದ. ನಾಯಿ ಎಳೆಯಿತು, ಅವರು ಹೋದರು. ಮುಂದಿನ ಹಲ್ಲು ಮುರಿದ ದವಡೆಗಳು ಒಂದಲ್ಲ, ಹಲವಿದ್ದವು. ಜನ ಇಷ್ಟೊಂದು ಬೀಳುತ್ತಾರೆಯೇ ಎಂದು ಆಶ್ಚರ್ಯವಾಯಿತು. ಅವನ್ನೆಲ್ಲ ನಲ್ಲಿಯ ಕೆಳಗೆ ತೊಳೆದು ಕೆಳಗಿನ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟ. ಮತ್ತೆ ಮತ್ತೆ ಎತ್ತಿ ನೋಡಿದ. ಒಂದರಲ್ಲಿ ಕೋರೆಹಲ್ಲು ಮುಂದೆ ಬಂದಂತಿತ್ತು, ಇನ್ನೊಂದರಲ್ಲೂ ಬಂದಂತಿತ್ತು. ತಲೆಯೆತ್ತಿದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಏನು ಹುಡುಕ್ತಿದೀರಿ?"

"ನಿನ್ನದು."

ಏನು ಎಂದು ಅವಳು ಕೇಳಲಿಲ್ಲ. "ಸಿಕ್ತಾ?" ಎಂದಳು.

"ಗೊತ್ತಾಗ್ತಿಲ್ಲ." ಅವನು ಕೈ ತೊಳೆದ, ಮತ್ತೊಮ್ಮೆ ತೊಳೆದ, ಪ್ಯಾಂಟಿಗೆ ಒರೆಸಿದ. "ಒಂದ್ಸಲ ಬಾಯಿ ತೆಗಿ."

ಅವಳು ಬೇಡವೆನ್ನುತ್ತಾಳೆ ಎಂದುಕೊಂಡಿದ್ದ. ಬಂದು ಮೇಲಿನ ಮೆಟ್ಟಿಲ ಮೇಲೆ ಕೂತಳು. ಅವನು ಗದ್ದ ಹಿಡಿದು ಉಳಿದಿದ್ದ ಬೆಳಕಿನ ಕಡೆಗೆ ಮುಖ ಎತ್ತಿದ. ಗದ್ದದ ಕೆಳಗಿನ ಚರ್ಮ ಸಡಿಲವಾಗಿತ್ತು, ಕಿವಿಯ ಹತ್ತಿರ ಒಂದು ಮಚ್ಚೆ, ಅದು ಮೊದಲಿನಿಂದ ಇತ್ತೋ ಈಚಿನದೋ. ಅವಳು ಕಣ್ಣು ಮುಚ್ಚಿಕೊಂಡು ಬಾಯಿ ತೆಗೆದಳು. ಅವನು ಮಾಡಿಕೊಟ್ಟ ಹಲ್ಲು ಅಲ್ಲೇ ಇತ್ತು. ಅವತ್ತು ಕಿಟಕಿಯಲ್ಲಿ ಹೊಂದಿಸಿದ ಬಣ್ಣ ಹಾಗೆಯೇ ಇತ್ತು. ಸುತ್ತಲಿನವು ಮಾತ್ರ ಮಾಸಿ, ಸವೆದು, ಬೇರೆಯೇ ಆಗಿದ್ದವು. ಅಷ್ಟು ಬಿಳಿಯ ಹಲ್ಲು ಇವಳ ಬಾಯಲ್ಲಿ ಅಪರಿಚಿತವಾಗಿ ಕಂಡಿತು. ಕೋರೆಹಲ್ಲು ಎಡಗಡೆ, ಮುಂದಕ್ಕೆ. ಅದನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಬೆರಳು ಹಿಂದಕ್ಕೆ ಸರಿಸಿದ. ಬಲಗಡೆ, ದವಡೆಹಲ್ಲು ಇರಬೇಕಾದಲ್ಲಿ, ಬೆರಳು ಖಾಲಿ ಜಾಗಕ್ಕೆ ಇಳಿಯಿತು. ಒಸಡು ನುಣುಪಾಗಿ ಮಾಯ್ದುಹೋಗಿತ್ತು. ಹೊಸ ಗಾಯವಲ್ಲ.

ಬೆರಳು ತೆಗೆದ. "ಇದು ಯಾವಾಗ?"

"ಹೋದ ವರ್ಷ."

"ನನಗೆ ಹೇಳಲಿಲ್ಲ."

"ಮುಖ ಊದಿಕೊಂಡಿತ್ತು. ಎದುರಿಗೇ ಕೂತು ಊಟ ಮಾಡಿದ್ರಿ," ಎಂದಳು. ದೂರಿನಂತೆ ಅಲ್ಲ, ನೆನಪಿಸುವವಳಂತೆ. ಅವನಿಗೆ ನೆನಪಾಗಲಿಲ್ಲ. ಪ್ರಯತ್ನಪಟ್ಟ. ಊದಿದ ಮುಖವೊಂದನ್ನು ಮೇಜಿನ ಆಚೆ ಕೂರಿಸಿ ನೋಡಿದ, ಅದರ ಮೇಲೆ ಅವಳ ಮುಖ ಕೂರಲಿಲ್ಲ. ಇನ್ನೊಮ್ಮೆ ನೋಡುವವನಂತೆ ಬೆರಳನ್ನು ಮತ್ತೆ ಅವಳ ಬಾಯಿಗೆ ಹಾಕಿ, ಆ ಖಾಲಿ ಜಾಗದ ಮೇಲೆ ಇಟ್ಟು, "ಹೋಗಬೇಡ," ಎಂದ.

ಅವಳ ನಾಲಿಗೆ ಬೆರಳಿಗೆ ತಾಗಿ ಹಿಂದೆ ಸರಿಯಿತು. ಕಣ್ಣು ತೆರೆದಳು. ಮಾತಾಡಲು ಆಗುವಂತಿರಲಿಲ್ಲ. ಉತ್ತರ ಬಾರದ ಹಾಗೆ ಬೆರಳು ಅಡ್ಡವಿಟ್ಟುಕೊಂಡೇ ತಾನು ಕೇಳಿದೆ ಎಂದು ಹೊಳೆದು ಅವನಿಗೆ ನಾಚಿಕೆಯಾಯಿತು. ಆದರೂ ತೆಗೆಯಲು ಮನಸ್ಸಾಗಲಿಲ್ಲ. ಒಳಗೆ ಬಿಸಿಯಾಗಿತ್ತು. ಆ ಬಿಸಿಯೊಂದು ಮಾತ್ರ ಆ ದಿನದಲ್ಲಿ ಅವನಿಗೆ ನೇರವಾಗಿ, ತಡವಿಲ್ಲದೆ ತಲುಪಿದ್ದು. ಕೊನೆಗೆ ಅವಳೇ ಅವನ ಮಣಿಕಟ್ಟು ಹಿಡಿದು ಕೈಯನ್ನು ಕೆಳಗಿಳಿಸಿದಳು. ಮುಂಗೈಯಿಂದ ತುಟಿ ಒರೆಸಿಕೊಂಡಳು.

"ಊಟಕ್ಕೆ ಮುಂಚೆಯೇ ಫೋನ್ ಮಾಡಿಬಿಟ್ಟೆ. ಬರ್ತೀನಿ ಅಂತ ಹೇಳಿದೆ."

ಅವನು ತಲೆಯಾಡಿಸಿದ. ಸಂಜೆಯೊಳಗೆ ಅಂದಿದ್ದೆಯಲ್ಲ ಎನ್ನಬೇಕೆನಿಸಿತು. ಅವಳು ಬಾಗಿ ಮೆಟ್ಟಿಲ ಮೇಲಿನ ಸಾಲನ್ನು ಒಮ್ಮೆ ನೋಡಿದಳು. ತಡಕಾಡಲಿಲ್ಲ. ಅಂಚಿನಲ್ಲಿ, ಅವನು ಇದಂತೂ ಅಲ್ಲವೆಂದು ಬದಿಗೆ ತಳ್ಳಿದ್ದ ಒಂದನ್ನು ಎತ್ತಿ ಅವನ ಅಂಗೈಯಲ್ಲಿಟ್ಟಳು. "ಇದು. ಇಟ್ಕೊಳ್ಳಿ. ಇದಕ್ಕೂ ನೀರು ಹಾಕೋದು ಬೇಕಾಗಲ್ಲ." ಮತ್ತೆ, ಕಾಲುದಾರಿಯ ಮೇಲೆ ಬಿದ್ದಿದ್ದ ಗಿಡಗಳನ್ನು ನೋಡಿ, "ಅವನ್ನ ನಾಳೆ ನೆಟ್ಟರಾಯ್ತು. ಏನೂ ಆಗಲ್ಲ ಅಂದಿದಾರಲ್ಲ," ಎಂದು ಎದ್ದು ಒಳಗೆ ಹೋದಳು.

ಅವನು ದವಡೆಯನ್ನು ಜೇಬಿಗೆ ಹಾಕಿಕೊಂಡ. ಒದ್ದೆ ಬಟ್ಟೆಗೆ ತಗುಲಿ ತೊಡೆಯ ಹತ್ತಿರ ತಣ್ಣಗಾಯಿತು. ಅಳು ಬರಬಹುದು ಎಂದು ಸ್ವಲ್ಪ ಹೊತ್ತು ಕಾದ, ಬರಲಿಲ್ಲ. ಉಳಿದ ದವಡೆಗಳನ್ನು ಗುಂಡಿಗೆ ವಾಪಸು ಹಾಕಬಾರದು, ಗಿಡ ಕೊಳೆಯುತ್ತದೆ ಎಂದು ಗೊತ್ತಿತ್ತು. ಬೇರೆ ಏನು ಹಾಕಬೇಕೆಂದು ಗೊತ್ತಿರಲಿಲ್ಲ. ಗಿಡಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿದ. ಬಟ್ಟಲುಗಳೆಲ್ಲ ಖಾಲಿಯಾಗಿದ್ದವು. ನಲ್ಲಿಯಿಂದ ಚೊಂಬಿನಲ್ಲಿ ನೀರು ತಂದು ಮೊದಲನೆಯದಕ್ಕೆ ಹಾಕಿದ. ತುಂಬಿ ಹೊರಗೆ ಚೆಲ್ಲಿದರೂ ಕೈ ನಿಲ್ಲಲಿಲ್ಲ. ಚೊಂಬು ಬರಿದಾದ ಮೇಲೆ ಇನ್ನೊಂದಕ್ಕೆ ತರಲು ಹೋದ. ಒಳಗೆ ಅವಳು ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸುತ್ತಿದ್ದ ಸದ್ದಾಯಿತು. ಭಾರವಾದದ್ದು, ಒಬ್ಬರಿಂದ ಇಳಿಸಲಾಗದ್ದು. ಅವನು ನಲ್ಲಿಯ ಹತ್ತಿರ ಚೊಂಬು ಹಿಡಿದು ನಿಂತು, ಅವಳು ಕರೆಯುತ್ತಾಳೇನೋ ಎಂದು ಕಿವಿಗೊಟ್ಟ. ಅವಳು ಕರೆಯಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಪೆಟ್ಟಿಗೆ ನೆಲ ಮುಟ್ಟಿದ ಸದ್ದು ಕೇಳಿಸಿತು.